ಗ್ರಹಣ ಹಿಡಿದ ಹೊತ್ತಿನಲ್ಲಿ ನಮ್ಮ ಮಾತು



2019ನೆಯ ಇಸವಿಯ ಡಿಸೆಂಬರ 26ರ ಮುಂಜಾನೆ, ಅಂದರೆ ಕ್ರಿಸ್ಮಸ್ ಹಬ್ಬದ ಮರುದಿನ, ಸೂರ್ಯಗ್ರಹಣವಾಯಿತು. ಮಂಗಳೂರಿನ ಕಡೆಯಲ್ಲಿ ಅದು ಬಳೆಯ ಆಕಾರದಲ್ಲಿ ತೋರಿತು. ನಮ್ಮ ಯಲಬುರ್ಗಾ ಸೀಮೆಯಲ್ಲಿಯಾದರೋ ಸೂರ್ಯನ ಬಹುಭಾಗವು ಮರೆಯಾಗಿ ಬಿಸಿಲು ಮಂಕಾಯಿತು. ಹಬ್ಬದ ದಿನ ನಾವು ನೆರೆಮನೆಗಳಿಗೆ ಹಂಚಿದ್ದ ಕರ್ಚಿಕಾಯಿಗಳು ಅವರ ಡಬ್ಬಿಗಳಲ್ಲಿ ಹಾಗೆಯೇ ಉಳಿದಿದ್ದವು. ಅವುಗಳ ಮೇಲೆ ಗರಿಕೆಯನ್ನಿಟ್ಟು, ಗ್ರಹಣ ಬಿಡುವ ತನಕ ಯಾರೂ ಬಾಯಿಗೆ ಏನನ್ನೂ ಹಾಕಬಾರದೆಂದು ಹಿರಿಯರು ಮಕ್ಕಳನ್ನು ಒಳಗೆ ಕೂಡ್ರಿಸಿದ್ದರು. ಒಂದು ಅಂಗಳದಲ್ಲಿ ತಾಟಿನೊಳಗೆ ನೀರು ಹಾಕಿ ಅದರಲ್ಲಿ ಒನಕೆಯನ್ನು ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವಾಗ ಮಾತ್ರ ಒನಕೆಯು ತಾನಾಗಿ ನಿಲ್ಲುವದು, ಬಿಟ್ಟ ಕೂಡಲೆ ಬೀಳುವದು ಎಂಬದು ನಮ್ಮ ಕಡೆಯ ಹಳೆಯ ಮಾತು.

ನಮ್ಮ ಸಭೆಯ ಒಬ್ಬ ಸಹೋದರನು ಆ ಒನಕೆಯನ್ನು ಕಂಡು ಗಟ್ಟಿಯಾಗಿ ನಕ್ಕನು. ಆಗ ಆ ಮನೆಯ ಯಜಮಾನರು ಕೋಪಿಸಿಕೊಳ್ಳದೆ ಕೇಳಿದ್ದೇನಂದರೆ, "ನಿಮ್ಮ ಸ್ವಾಮಿಯು ಪ್ರಾಣ ಬಿಡುವಾಗ ನಡುಹಗಲಿನಲ್ಲಿ ಕತ್ತಲಾಯಿತೆಂದು ನೀವೇ ಹೇಳುತ್ತೀರಲ್ಲಾ. ಅದನ್ನು ನಂಬುವವರು ನಮ್ಮ ಒನಕೆಗೆ ಯಾಕೆ ನಗಬೇಕು?"

ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ನಮ್ಮ ಹಿರಿಯರೊಬ್ಬರು ತಡಮಾಡದೆ, "ಅದೂ ಇಂಥ ಸೂರ್ಯಗ್ರಹಣವೇ ಆಗಿತ್ತು. ವಿಜ್ಞಾನಿಗಳೇ ಲೆಕ್ಕ ಹಾಕಿ ಒಪ್ಪಿಕೊಂಡಿದ್ದಾರೆ" ಎಂದು ಉತ್ತರ ಕೊಟ್ಟರು. ಅಲ್ಲಿ ನಿಂತಿದ್ದ ನಮ್ಮ ಹುಡುಗರಲ್ಲಿ ಹತ್ತನೆಯ ಇಯತ್ತೆ ಓದುತ್ತಿದ್ದ ಒಬ್ಬನು ಮೆಲ್ಲಗೆ, "ಅಜ್ಜಾರೇ, ಅದು ಆಗಲಾರದು. ಪಸ್ಕಹಬ್ಬ ಬರುವದು ಹುಣ್ಣಿವೆಗೆ. ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಹಿಡಿಯುವದಿಲ್ಲ" ಎಂದನು. ಹಿರಿಯರ ಮುಖ ಕೆಂಪಾಯಿತು. "ತಮ್ಮಾ, ನಾಲ್ಕು ಪುಸ್ತಕ ಓದಿದ ಕೂಡಲೆ ಸತ್ಯವೇದವನ್ನು ತಿದ್ದುವಷ್ಟು ದೊಡ್ಡವನಾದಿಯೋ?" ಎಂದು ಎಲ್ಲರ ಮುಂದೆ ಗದರಿಸಿದರು. ಹುಡುಗನು ಹೊರಟುಹೋದನು. ಆ ಮೇಲಿನ ಐದು ಆದಿತ್ಯವಾರಗಳಲ್ಲಿ ಅವನು ಆರಾಧನೆಗೆ ಬರಲಿಲ್ಲ.

ಇದನ್ನು ಬರೆಯುವ ನಾವು ಅಲ್ಲಿಯೇ ನಿಂತಿದ್ದೆವು. ಹುಡುಗನು ಹೇಳಿದ್ದು ಸರಿಯೆಂದು ನಮಗೆ ಗೊತ್ತಿದ್ದರೂ, ಹಿರಿಯರ ಮಾನಕ್ಕೆ ಕುಂದು ಬಂದೀತೆಂದು ಬಾಯಿ ಮುಚ್ಚಿಕೊಂಡಿದ್ದೆವು. ಆ ಮೌನದ ಸಾಲವನ್ನು ತೀರಿಸುವದಕ್ಕಾಗಿಯೇ ಈ ಪಾಠವನ್ನು ಬರೆಯುತ್ತೇವೆ.

ಮೊದಲು ಸಂಗತಿಯನ್ನು ನೋಡೋಣ. ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ನೇರವಾಗಿ ಬಂದರೆ ಅವನ ನೆರಳು ನಮ್ಮ ಮೇಲೆ ಬೀಳುತ್ತದೆ; ಅದೇ ಸೂರ್ಯಗ್ರಹಣ. ಅವನು ಹಾಗೆ ನಡುವೆ ಬರುವದು ಅಮಾವಾಸ್ಯೆಯಲ್ಲಿ ಮಾತ್ರ. ಹುಣ್ಣಿವೆಯಲ್ಲಿ ಅವನು ಭೂಮಿಯ ಆಚೆಯ ಪಕ್ಕದಲ್ಲಿರುವದರಿಂದ, ಆಗ ಭೂಮಿಯ ನೆರಳು ಅವನ ಮೇಲೆ ಬಿದ್ದು ಚಂದ್ರಗ್ರಹಣವಾಗಬಹುದೇ ಹೊರತು ಸೂರ್ಯಗ್ರಹಣವಾಗದು. ಇದು ಪರದೇಶದವರು ನಿನ್ನೆ ಮೊನ್ನೆ ತಂದ ಮಾತಲ್ಲ. ನಮ್ಮ ದೇಶದ ಆರ್ಯಭಟನು ಸುಮಾರು 499ನೆಯ ಇಸವಿಯಲ್ಲಿಯೇ ಗ್ರಹಣಕ್ಕೆ ನೆರಳೇ ಕಾರಣವೆಂದು ಬರೆದಿಟ್ಟನು. ಯೆಹೂದ್ಯರ ತಿಂಗಳು ಹೊಸ ಚಂದ್ರನಿಂದ ಆರಂಭವಾಗುವದು, ಪಸ್ಕದ ಕುರಿಯನ್ನು ಕೊಯ್ಯುವದು ಹದಿನಾಲ್ಕನೆಯ ದಿನ. ಆದಕಾರಣ ಆ ಹಬ್ಬವು ಹುಣ್ಣಿವೆಯ ಹೊತ್ತಿಗೇ ಬರುವದು.

ಇನ್ನೊಂದು ಸಾಕ್ಷಿಯು ನಮ್ಮ ಹಿರಿಯರ ಕಣ್ಣ ಮುಂದೆಯೇ ನಡೆದಿದೆ. 1980ನೆಯ ಇಸವಿಯ ಫೆಬ್ರವರಿ 16ರ ಶನಿವಾರ ಅಪರಾಹ್ನದಲ್ಲಿ ಆದ ಪೂರ್ಣಗ್ರಹಣದ ನೆರಳು ಅಂಕೋಲೆಯ ಕಡಲ ತೀರದಿಂದ ಗದಗ, ಯಲಬುರ್ಗಾ, ರಾಯಚೂರಿನ ಮಾರ್ಗವಾಗಿ ಹಾದುಹೋಯಿತು. ಆಗ ನಮ್ಮ ತಾಲೂಕು ರಾಯಚೂರು ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಸಿಂಧನೂರು ಬಳಿಯ ಜವಳಗೇರಾದಲ್ಲಿ ಬೆಂಗಳೂರಿನಿಂದ ಬಂದ ಖಗೋಳಶಾಸ್ತ್ರಿಗಳು ದೂರದರ್ಶಕಗಳನ್ನು ಹೂಡಿ ಕಾದಿದ್ದರು. ನಮ್ಮ ಜನರಲ್ಲಿ ಹೆಚ್ಚಿನವರು ಕದವಿಕ್ಕಿಕೊಂಡು ಒಳಗಿದ್ದರು. ಕಂಡ ಕೆಲವರು ಹೇಳುವದೇನಂದರೆ, ಕೊಟ್ಟಿಗೆಗೆ ಹೊರಡುವ ಹೊತ್ತಾಯಿತೆಂದು ದನಗಳು ಮನೆಯ ಕಡೆ ಮುಖ ಮಾಡಿದವು, ಹಗಲಿನಲ್ಲಿಯೇ ನಕ್ಷತ್ರ ಕಾಣಿಸಿತು. ಆದರೆ ಆ ಪೂರ್ಣ ಕತ್ತಲೆಯು ಮೂರು ನಿಮಿಷವೂ ಇರಲಿಲ್ಲ. ಯಾವ ಗ್ರಹಣದಲ್ಲಿಯೂ ಪೂರ್ಣ ಕತ್ತಲೆಯು ಒಂದೇ ಸ್ಥಳದಲ್ಲಿ ಎಂಟು ನಿಮಿಷ ನಿಲ್ಲದು. ಸುವಾರ್ತಿಕರು ಹೇಳುವ ಕತ್ತಲೆಯೋ ಮಧ್ಯಾಹ್ನದಿಂದ ಮೂರು ತಾಸಿನದು.

ಹೀಗಿರಲಾಗಿ ಹುಡುಗನು ಸತ್ಯವೇದವನ್ನು ತಿದ್ದಲಿಲ್ಲ, ಹಿರಿಯರ ಮಾತನ್ನು ಮಾತ್ರ ತಿದ್ದಿದನು. ಮತ್ತಾಯ, ಮಾರ್ಕ, ಲೂಕ ಈ ಮೂವರೂ ಕತ್ತಲೆಯಾಯಿತೆಂದು ತಿಳಿಸುತ್ತಾರೆ, ಹೇಗಾಯಿತೆಂದು ವಿವರಿಸುವದಿಲ್ಲ. ಅದು ದೇವರು ಮಾಡಿದ ಗುರುತೆಂದು ನಾವು ನಂಬುತ್ತೇವೆ. ಹೇಗೆ ಮಾಡಿದನೋ ನಮಗೆ ಗೊತ್ತಿಲ್ಲ. ಯಜಮಾನರ ಪ್ರಶ್ನೆಗೆ ಕೊಡತಕ್ಕ ಉತ್ತರವು ಇಷ್ಟೇ ಆಗಿತ್ತು. "ಗೊತ್ತಿಲ್ಲ" ಎಂಬ ಮಾತಿನಿಂದ ನಮ್ಮ ನಂಬಿಕೆಯು ಬೀಳುವದೆಂದು ಹೆದರಿ, ಯಾರೂ ಹಾಕದ ಲೆಕ್ಕವನ್ನು ವಿಜ್ಞಾನಿಗಳ ಹೆಸರಿಗೆ ಕಟ್ಟಿದೆವು. ಕರ್ತನ ಮಹಿಮೆಗಾಗಿಯೇ ಹೇಳಿದ ಸುಳ್ಳಾದರೂ ಅದು ಸುಳ್ಳೇ, ಮತ್ತು ಹತ್ತನೆಯ ಇಯತ್ತೆಯ ಹುಡುಗನು ಅದನ್ನು ಹಿಡಿಯಬಲ್ಲನು.

ಈಗ ಒನಕೆಯ ವಿಷಯ. ಅದು ನಿಲ್ಲುವದು ಸುಳ್ಳಲ್ಲ, ನಾವು ಕಣ್ಣಾರೆ ಕಂಡೆವು. ಆದರೆ ಗ್ರಹಣದಿಂದಲೇ ನಿಂತಿತೋ ಎಂದು ತಿಳಿಯಬೇಕಾದರೆ ಗ್ರಹಣವಿಲ್ಲದ ದಿನವೂ ನಿಲ್ಲಿಸಿ ನೋಡಬೇಕಷ್ಟೆ. ನಾವು ಮರುವಾರ ನಮ್ಮ ಮನೆಯಲ್ಲಿ ನೋಡಿದೆವು. ಕಬ್ಬಿಣದ ಕಟ್ಟು ಹಾಕಿದ ಬುಡವು ಸಮನಾಗಿದ್ದರೆ, ಕೈ ನಡುಗದೆ ನೆಟ್ಟಗಿಟ್ಟರೆ, ಒನಕೆಯು ಯಾವ ದಿನವಾದರೂ ನಿಲ್ಲುವದು. ಮೂರು ಸಾರಿ ಬಿದ್ದಿತು, ನಾಲ್ಕನೆಯ ಸಾರಿ ನಿಂತಿತು. (ಬೀಳುವಾಗ ಒಮ್ಮೆ ನಮ್ಮ ಕಾಲ್ಬೆರಳಿನ ಮೇಲೆಯೇ ಬಿತ್ತು, ಪರೀಕ್ಷೆ ಮಾಡುವವರು ದೂರ ನಿಲ್ಲಿರಿ.) ಆ ಯಜಮಾನರನ್ನು ಕರೆದು ತೋರಿಸಿದಾಗ ಅವರು ತಾವೇ ಒಂದು ಸಾರಿ ನಿಲ್ಲಿಸಿ, "ಹಾಗಾದರೆ ನಮ್ಮ ಅಪ್ಪ ಒಂದು ದಿನವೂ ಹೀಗೆ ನೋಡಲಿಲ್ಲ" ಎಂದು ನಕ್ಕರು. ಗ್ರಹಣದ ದಿನ ನಾವು ನಕ್ಕ ನಗೆಯಿಂದ ಆಗದ ಕೆಲಸವು, ಜೊತೆಗೆ ಕೂತು ನೋಡಿದ್ದರಿಂದ ಆಯಿತು.

ಆದರೆ ಪ್ರಿಯರೇ, ಸಂತೆಯಲ್ಲಿ ಕೊಳ್ಳುವದಕ್ಕೆ ಒಂದು ಸೇರು, ಮಾರುವದಕ್ಕೆ ಇನ್ನೊಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ಸತ್ಯವೇದವು ಏನೆಂದು ಕರೆಯುವದೋ ನೀವು ಬಲ್ಲಿರಿ. ನೆರೆಯವರ ಒನಕೆಯನ್ನು ಅಳೆದ ಸೇರಿನಿಂದಲೇ ನಮ್ಮ ಮನೆಯ ಮಾತುಗಳನ್ನೂ ಅಳೆಯಬೇಕು. ಮಗುವಿಗೆ ಜ್ವರ ಬಂದಾಗ ತಲೆದಿಂಬಿನ ಕೆಳಗೆ ಸತ್ಯವೇದವನ್ನಿಟ್ಟು, ಪ್ರಾರ್ಥಿಸಿದ ಎಣ್ಣೆಯನ್ನು ಹಚ್ಚಿ, "ದವಾಖಾನೆಗೆ ಹೋದರೆ ನಂಬಿಕೆ ಸಾಲದೆಂದಾಗುವದು" ಎಂದು ತಾಯಿಯನ್ನು ತಡೆಯುವವರು ನಮ್ಮಲ್ಲಿ ಇಲ್ಲವೋ? ಮಗು ಗುಣವಾದರೆ ಎಣ್ಣೆಯ ಸಾಕ್ಷಿ ಹೇಳುತ್ತೇವೆ, ಗುಣವಾಗದಿದ್ದರೆ ತಾಯಿಯ ನಂಬಿಕೆಯನ್ನು ದೂರುತ್ತೇವೆ. ಬಿದ್ದ ಒನಕೆಯನ್ನು ಲೆಕ್ಕಕ್ಕೆ ಹಿಡಿಯದವರಿಗೂ ನಮಗೂ ಏನು ಭೇದ? ಅದೇ 2019ನೆಯ ಗ್ರಹಣದ ದಿನ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಅಂಗವಿಕಲ ಮಕ್ಕಳು ಗುಣವಾಗುವರೆಂಬ ಆಸೆಯಿಂದ ಅವರನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ್ದರು. ಸುದ್ದಿಯನ್ನು ಓದಿದವರೆಲ್ಲರೂ ಮರುಗಿದರು. ಆ ತಾಯಂದಿರು ಕ್ರೂರಿಗಳಲ್ಲ, ಬೇರೆ ದಾರಿ ಕಾಣದೆ ಹೋದವರು. ನಮ್ಮ ಮನೆಗಳಲ್ಲಿ ಜ್ವರದ ಮಗುವಿನ ಬಳಿ ಕೂತ ತಾಯಿಯೂ ಹಾಗೆಯೇ.

ಹಿಜ್ಕೀಯ ಅರಸನು ಮರಣರೋಗದಲ್ಲಿದ್ದಾಗ ಕಣ್ಣೀರಿಟ್ಟು ಪ್ರಾರ್ಥಿಸಿದನು, ದೇವರು ಕೇಳಿದನು. ಎರಡನೆಯ ಅರಸುಗಳು 20ನೆಯ ಅಧ್ಯಾಯದಲ್ಲಿ ಆ ಮೇಲಿನ ವಚನವನ್ನು ನಾವು ಅವಸರದಿಂದ ದಾಟಿಬಿಡುತ್ತೇವೆ: ಪ್ರವಾದಿಯು ಅಂಜೂರದ ಹಣ್ಣಿನ ಲೇಪವನ್ನು ತರಿಸಿ ಹುಣ್ಣಿನ ಮೇಲೆ ಹಾಕಿಸಿದನು. ಪ್ರಾರ್ಥನೆಗೂ ಔಷಧಕ್ಕೂ ಯೆಶಾಯನು ಜಗಳ ಕಾಣಲಿಲ್ಲ. ಪೌಲನ ಸಂಗಡಿಗನಾದ ಲೂಕನು ವೈದ್ಯನೇ ಆಗಿದ್ದನು.

ಇಂಥ ಇಬ್ಬಗೆಯ ಸೇರನ್ನು ಮುರಿದ ಒಬ್ಬ ಮನುಷ್ಯನ ಕಥೆಯನ್ನು ಇಲ್ಲಿ ಹೇಳಬೇಕು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ದೊರೆಗಳು ಓದಿದ್ದು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ. ಅವರಿಗಿಂತ ಇನ್ನೂರು ವರುಷಗಳಿಗೂ ಹಿಂದೆ ಅದೇ ಪಟ್ಟಣದಲ್ಲಿ ಯೋಹಾನ್ ಕೆಪ್ಲರ್ ಎಂಬವನು ಪಾದ್ರಿಯಾಗಬೇಕೆಂದು ಓದಿದನು. ಗಣಿತದ ಉಪಾಧ್ಯಾಯನಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ದುಃಖಪಟ್ಟರೂ, ಆಕಾಶದ ಲೆಕ್ಕ ಹಾಕುವದೂ ದೇವರ ಸೇವೆಯೇ ಎಂದು ಆ ಮೇಲೆ ಕಂಡುಕೊಂಡನು. ಗ್ರಹಗಳು ಸೂರ್ಯನ ಸುತ್ತ ತಿರುಗುವ ಕ್ರಮದ ನಿಯಮಗಳನ್ನು 1609ರಲ್ಲಿಯೂ 1619ರಲ್ಲಿಯೂ ಪ್ರಕಟಿಸಿದವನು ಇವನೇ.

ಇವನ ತಾಯಿ ಕಥರೀನಳು ವಯಸ್ಸಾದ ವಿಧವೆ, ಗಿಡಮೂಲಿಕೆ ಬಲ್ಲವಳು, ಮಾತಿನಲ್ಲಿ ಒರಟು. 1615ರಲ್ಲಿ ನೆರೆಯ ಹೆಂಗಸೊಬ್ಬಳು, ಈಕೆ ಕೊಟ್ಟ ಪಾನಕದಿಂದ ತನಗೆ ರೋಗ ಬಂತು, ಈಕೆ ಮಾಟಗಾತಿ ಎಂದು ದೂರಿದಳು. ದೂರಿದವರೂ ವಿಚಾರಿಸಿದವರೂ ನಮ್ಮಂತೆಯೇ ಸುವಾರ್ತಾ ಸಭೆಯವರು, ಆದಿತ್ಯವಾರ ತಪ್ಪದವರು. 1620ರಲ್ಲಿ ಮುದುಕಿಯನ್ನು ಹಿಡಿದು ಸಂಕೋಲೆ ಹಾಕಿದರು. ಮಗನು ತನ್ನ ಕೆಲಸವನ್ನು ಬಿಟ್ಟು ದೂರದಿಂದ ಬಂದು, ಒಂದೊಂದು ದೂರನ್ನೂ ಎತ್ತಿಕೊಂಡು, ಈ ಬೇನೆಗೆ ಇಂಥ ಸಹಜ ಕಾರಣವುಂಟು, ಆ ಸಾಕ್ಷಿಯ ಮಾತಿಗೂ ಈ ಸಾಕ್ಷಿಯ ಮಾತಿಗೂ ಹೊಂದಿಕೆಯಿಲ್ಲ ಎಂದು ಬರಹದಲ್ಲಿ ತೋರಿಸಿದನು. 1621ರಲ್ಲಿ ಆಕೆಯನ್ನು ಬಿಟ್ಟುಬಿಟ್ಟರು, ಮರುವರುಷ ತೀರಿಕೊಂಡಳು. ಆಕೆಯನ್ನು ಸುಡಬೇಕೆಂದಿದ್ದವರೂ ದೇವರ ಹೆಸರನ್ನೇ ಹೇಳುತ್ತಿದ್ದರು, ಆಕೆಯನ್ನು ಉಳಿಸಿದವನೂ ದೇವರನ್ನೇ ನಂಬಿದ್ದನು. ನಮ್ಮ ಹಳ್ಳಿಗಳಲ್ಲಿ ಎಮ್ಮೆಯು ಹಾಲು ಬಿಗಿಹಿಡಿದರೆ ಯಾವ ವಿಧವೆಯ ಕಣ್ಣು ತಗಲಿತೆಂದು ಇಂದಿಗೂ ಹುಡುಕುವವರುಂಟು. ಅವರಲ್ಲಿ ನಮ್ಮವರೂ ಉಂಟು.

ಇಷ್ಟು ಹೇಳಿದ ಮೇಲೆ ಹಿರಿಯರ ಪಕ್ಷವಾಗಿಯೂ ಒಂದು ಮಾತು ಹೇಳುವದು ಯುಕ್ತ. ಗ್ರಹಣದ ಸೂರ್ಯನನ್ನು ನೋಡಬೇಡಿರೆಂಬ ಅವರ ಎಚ್ಚರಿಕೆಯಲ್ಲಿ ಹುರುಳಿದೆ. ಅರೆ ಮುಚ್ಚಿದ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಕಣ್ಣಿನ ಒಳಪೊರೆ ಸುಡುವದು, ಸುಡುವಾಗ ನೋವೂ ತಿಳಿಯದು. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ ಇವುಗಳನ್ನು ನಂಬಬಾರದು. ಬಸುರಿಯು ಒಳಗಿರಲಿ ಎನ್ನುವ ಅತ್ತೆಯ ಮಾತಿನಲ್ಲಿಯೂ ರಾಹುವಿನ ಭಯಕ್ಕಿಂತ ಸೊಸೆಯ ಮೇಲಿನ ಕಕ್ಕುಲಾತಿಯೇ ಹೆಚ್ಚಾಗಿರಬಹುದು. ಆಕೆಗೆ, "ಅತ್ತೀ, ನೆರಳಿನಿಂದ ಕೂಸಿಗೆ ಏನೂ ಆಗದು, ಹಸಿದುಕೊಂಡಿದ್ದರೆ ಬಸುರಿಗೆ ನಿತ್ರಾಣವಾಗುವದು, ಒಂದು ರೊಟ್ಟಿ ತಿನ್ನಲಿ" ಎಂದು ಹೇಳಬಹುದು. ಯಾವ ಭಯವನ್ನು ಬಿಡಿಸಬೇಕಾದರೂ ಮೊದಲು ಭಯಪಡುವವರ ಪಕ್ಕದಲ್ಲಿ ಕೂಡ್ರಬೇಕು. ಆದಿಕಾಂಡದ ಮೊದಲನೆಯ ಅಧ್ಯಾಯವು ಸೂರ್ಯ ಚಂದ್ರರಿಗೆ ಹೆಸರನ್ನು ಸಹ ಕೊಡದೆ, ಅವುಗಳನ್ನು ದೇವರು ಹಚ್ಚಿಟ್ಟ ಬೆಳಕುಗಳೆಂದು ತಿಳಿಸುವದನ್ನು ಆ ಮನೆಯಲ್ಲಿ ನಿಧಾನವಾಗಿ ಓದಿರಿ. ಸುತ್ತಲಿನ ಜನಾಂಗಗಳು ಅವುಗಳಿಗೆ ಅಡ್ಡಬೀಳುತ್ತಿದ್ದ ಕಾಲದಲ್ಲಿ ಬರೆದ ಮಾತದು.

ಫೆಬ್ರವರಿ ತಿಂಗಳಿನಲ್ಲಿ ನಾವು ಆ ಹುಡುಗನ ಮನೆಗೆ ಹೋಗಿ, ನಿನ್ನ ಮಾತು ಸರಿಯಾಗಿತ್ತು, ನಾವು ಸುಮ್ಮನಿದ್ದದ್ದು ತಪ್ಪು ಎಂದು ಹೇಳಿದೆವು. ಅವನು ಏನೂ ಹೇಳಲಿಲ್ಲ. ಅವನ ತಾಯಿ ಚಹಾ ಮಾಡಿ ಕೊಟ್ಟರು. ಮುಂದಿನ ಆದಿತ್ಯವಾರ ಬಂದು ಹಿಂದಿನ ಚಾಪೆಯಲ್ಲಿ ಕೂತನು. ಆರಾಧನೆ ಮುಗಿದ ಬಳಿಕ ಆ ಹಿರಿಯರೇ ಅವನ ಬಳಿಗೆ ಹೋಗಿ, "ತಮ್ಮಾ, ಆ ಹುಣ್ಣಿವೆಯ ಲೆಕ್ಕವನ್ನು ನನಗೆ ಇನ್ನೊಮ್ಮೆ ಹೇಳು" ಎಂದರು. ಹುಡುಗನು ಯಜ್ಞವೇದಿಯ ಮೇಲಿದ್ದ ಮೇಣದ ಬತ್ತಿಯನ್ನೂ ಒಂದು ನಿಂಬೆಹಣ್ಣನ್ನೂ ತಕ್ಕೊಂಡು, ಅವರ ತಲೆಯನ್ನೇ ಭೂಮಿಯನ್ನಾಗಿ ಮಾಡಿ ತೋರಿಸಿದನು. ಹಿರಿಯರು ಎರಡು ಸಾರಿ ಕೇಳಿದರು.

2027ನೆಯ ಇಸವಿಯ ಆಗಸ್ಟ್ 2ರ ಸೋಮವಾರ ಅಪರಾಹ್ನ ನಮ್ಮ ಸೀಮೆಯಲ್ಲಿ ಸೂರ್ಯನಿಗೆ ಅರೆಗ್ರಹಣವುಂಟು. ಮಳೆಗಾಲವಾದ್ದರಿಂದ ಮೋಡವಿದ್ದರೂ ಇರಬಹುದು. ಮೋಡವಿಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಜೋಳದ ಹಿಟ್ಟಿನ ಜರಡಿಯನ್ನು ಬಿಸಿಲಿಗೆ ಹಿಡಿದು ಅದರ ನೆರಳನ್ನು ನೆಲದ ಮೇಲೆ ನೋಡಿರಿ. ಬೇವಿನ ಮರದ ಕೆಳಗೂ ನೋಡಬಹುದು. ಒಂದೊಂದು ಬೆಳಕಿನ ಚುಕ್ಕಿಯೂ ಕುಡುಗೋಲಿನ ಆಕಾರವಾಗಿರುವದು. ನೆರೆಮನೆಯವರನ್ನೂ ಕರೆಯಿರಿ, ಅವರ ಒನಕೆಯನ್ನೂ ತರಲಿ.