ಯಾವ ಮೊಗ್ಗು ಚಿಗುರಬೇಕು? – ಹಿತ್ತಲಿನ ಪೇರಲೆ ಗಿಡ ಸವರುವ ವಿಜ್ಞಾನ



ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ, ಭದ್ರಾವತಿಯ ನ್ಯೂಟೌನ್, ಕಾಗದನಗರದ ಹಿತ್ತಲುಗಳಲ್ಲಿ ಒಂದು ಸುತ್ತು ಬನ್ನಿ. ಒಂದಲ್ಲ ಒಂದು ಕಡೆ ಪೇರಲೆ ಗಿಡ ಕಾಣಿಸುತ್ತದೆ. ಮೈಸೂರು, ಬೆಂಗಳೂರಿನ ಕಡೆ ಇದನ್ನೇ ಸೀಬೆ ಎನ್ನುತ್ತಾರೆ. ಹಕ್ಕಿ ಬೀಳಿಸಿದ ಬೀಜದಿಂದ ಹುಟ್ಟಿ, ತನ್ನಷ್ಟಕ್ಕೆ ಬೆಳೆದ ಗಿಡಗಳೂ ಇವುಗಳಲ್ಲಿವೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದು ಮನೆಯ ಸೂರಿಗಿಂತ ಎತ್ತರ. ಹಣ್ಣೆಲ್ಲ ತುದಿಯಲ್ಲಿ, ಬಾವಲಿಗೆ ಸಿಕ್ಕಷ್ಟು ನಮಗೆ ಸಿಗುವುದಿಲ್ಲ. ಕೊಂಬೆ ಕರೆಂಟ್ ತಂತಿಯ ಹತ್ತಿರ ಹೋಗುತ್ತದೆ. ಮಳೆಗಾಲದಲ್ಲಿ ಕೈಗೆ ಬಂದ ಹಣ್ಣನ್ನು ಬಿಡಿಸಿದರೆ ಒಳಗೆ ಹುಳ. ಕೊನೆಗೊಂದು ದಿನ ಮನೆಯವರು ತೀರ್ಮಾನ ಮಾಡುತ್ತಾರೆ: "ಈ ಗಿಡದಿಂದ ಪ್ರಯೋಜನವಿಲ್ಲ, ಕಡಿಸಿಬಿಡೋಣ."

ಹೀಗೆ ಕಡಿಸಿಕೊಳ್ಳುವ ಎಷ್ಟೋ ಗಿಡಗಳನ್ನು ಒಂದು ಕತ್ತರಿಯಿಂದ ಉಳಿಸಬಹುದು. ಆದರೆ ಎಲ್ಲಿ ಕತ್ತರಿಸಬೇಕು, ಯಾವಾಗ ಕತ್ತರಿಸಬೇಕು ಎಂಬುದು ಗೊತ್ತಿರಬೇಕು. ಬೇಡದ ಕೊಂಬೆಗಳನ್ನು ತಿಳಿದು ತೆಗೆಯುವುದಕ್ಕೆ 'ಸವರುವಿಕೆ' ಎಂದು ಹೆಸರು. ಎಳೆಯ ಗಿಡಕ್ಕೆ ಮೊದಲಿನಿಂದಲೇ ಒಂದು ರೂಪ ಬರುವಂತೆ ಬೆಳೆಸುವುದು 'ಆಕಾರ ಕೊಡುವಿಕೆ'. ಎರಡರ ಹಿಂದೆಯೂ ಇರುವ ವಿಜ್ಞಾನ ಒಂದೇ. ಅದನ್ನು ತಿಳಿಯೋಣ.

ಮೊದಲು ಗಿಡವನ್ನು ನೋಡಿ

ಕಬ್ಬಿನ ಜಲ್ಲೆಯ ಪ್ರತಿ ಗೆಣ್ಣಿನಲ್ಲಿ ಒಂದು 'ಕಣ್ಣು' ಇರುವುದನ್ನು ನೀವು ನೋಡಿದ್ದೀರಿ. ಆ ಕಣ್ಣೇ ಚಿಗುರಿ ಹೊಸ ಕಬ್ಬಾಗುತ್ತದೆ. ಪೇರಲೆಯಲ್ಲೂ ಅಂಥ ಕಣ್ಣುಗಳಿವೆ. ಎಲೆಯ ತೊಟ್ಟು ಕೊಂಬೆಯನ್ನು ಸೇರುವ ಮೂಲೆಯಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ. ಇದು ಕಂಕುಳ ಮೊಗ್ಗು. ಕೊಂಬೆಯ ತುದಿಯಲ್ಲಿರುವುದು ತುದಿ ಮೊಗ್ಗು. ಪೇರಲೆಯಲ್ಲಿ ಎಲೆಗಳು ಎದುರುಬದುರಾಗಿ ಇರುವುದರಿಂದ ಪ್ರತಿ ಗೆಣ್ಣಿನಲ್ಲಿ ಎರಡು ಕಂಕುಳ ಮೊಗ್ಗುಗಳು.

ಎಳೆಯ ಚಿಗುರೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ತಿರುವಿ ನೋಡಿ. ಅದು ದುಂಡಗಿಲ್ಲ, ನಾಲ್ಕು ಮೂಲೆಗಳಿವೆ! ಹಳೆಯ ಕೊಂಬೆ ದುಂಡಗಿರುತ್ತದೆ, ಅದರ ತೊಗಟೆ ತೆಳ್ಳಗೆ ಸುಲಿದುಕೊಳ್ಳುತ್ತದೆ. ಹಸಿರಾದ, ನಾಲ್ಕು ಮೂಲೆಯ ಕಡ್ಡಿ ಹೊಸದು. ಕಂದು ಬಣ್ಣದ, ದುಂಡನೆಯ ಕಡ್ಡಿ ಹಳೆಯದು. ಈ ಗುರುತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತುದಿ ಮೊಗ್ಗಿನ ದರ್ಬಾರು

ಇಷ್ಟೊಂದು ಕಂಕುಳ ಮೊಗ್ಗುಗಳಿದ್ದರೂ ಎಲ್ಲವೂ ಏಕೆ ಚಿಗುರುವುದಿಲ್ಲ? ಏಕೆಂದರೆ ತುದಿ ಮೊಗ್ಗು ಅವುಗಳನ್ನು ತಡೆದಿಟ್ಟಿರುತ್ತದೆ. ಇದಕ್ಕೆ 'ತುದಿ ಪ್ರಾಬಲ್ಯ' ಎನ್ನುತ್ತಾರೆ.

ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ಓಟ್ಸ್ ಸಸಿಗಳ ತುದಿಯಲ್ಲಿ ಬೆಳವಣಿಗೆಯನ್ನು ನಿಯಂತ್ರಿಸುವ ರಾಸಾಯನಿಕವೊಂದು ಇದೆಯೆಂದು ತೋರಿಸಿದರು. ಅದೇ ಆಕ್ಸಿನ್ ಎಂಬ ಹಾರ್ಮೋನು. 1933ರಲ್ಲಿ ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆ ಜಾತಿಯ ಗಿಡವೊಂದರ ತುದಿ ಕತ್ತರಿಸಿದರು. ಕಂಕುಳ ಮೊಗ್ಗುಗಳು ಚಿಗುರಿದವು. ಬೇರೆ ಗಿಡಗಳಲ್ಲಿ ತುದಿ ಕತ್ತರಿಸಿ, ಆ ಜಾಗಕ್ಕೆ ಆಕ್ಸಿನ್ ಹಚ್ಚಿದರು. ಆಗ ಕಂಕುಳ ಮೊಗ್ಗುಗಳು ಸುಮ್ಮನೇ ಉಳಿದವು! ತುದಿಯಿಂದ ಇಳಿದು ಬರುವ ಆಕ್ಸಿನ್‌ಗೂ ಮೊಗ್ಗುಗಳ ನಿದ್ದೆಗೂ ಸಂಬಂಧವಿದೆ ಎಂಬುದು ಇದರಿಂದ ತಿಳಿಯಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಬಟಾಣಿ ಗಿಡದಲ್ಲಿ ಇನ್ನೊಂದು ಕಾರಣವನ್ನು ತೋರಿಸಿಕೊಟ್ಟರು. ಬೆಳೆಯುವ ತುದಿಯು ಎಲೆಗಳು ತಯಾರಿಸಿದ ಸಕ್ಕರೆಯನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ತುದಿ ಹೋದ ಕೂಡಲೇ ಸಕ್ಕರೆ ಕಂಕುಳ ಮೊಗ್ಗುಗಳ ಕಡೆ ಹರಿದು ಅವು ಚಿಗುರಲು ತೊಡಗುತ್ತವೆ.

ಮನೆಯಲ್ಲಿ ಅಜ್ಜಿ ತುಳಸಿಯ ಕುಡಿ ಚಿವುಟಿದಾಗ ಅದು ಪೊದೆಯಾಗುವುದೂ, ಪದೇ ಪದೇ ಕುಡಿ ಕಿತ್ತ ಕರಿಬೇವು ಒತ್ತಾಗಿ ಚಿಗುರುವುದೂ ಇದೇ ಕಾರಣಕ್ಕೆ. ಅಂದರೆ, ಸವರುವುದು ಎಂದರೆ ಬರೀ ಕೊಂಬೆ ಕಡಿಯುವುದಲ್ಲ. ಯಾವ ಮೊಗ್ಗು ಚಿಗುರಬೇಕು ಎಂದು ನಾವು ಆರಿಸುವುದು.

ಹೂ ಎಲ್ಲಿ ಬಿಡುತ್ತದೆ?

ಕತ್ತರಿ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಲ್ಲ ಮರಗಳಿಗೂ ಉತ್ತರ ಒಂದೇ ಅಲ್ಲ.

ಪೇರಲೆ: ಈಗ ತಾನೇ ಬೆಳೆದ ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಲ್ಲಿ ಹೂ. ಸವರಿದರೆ ಹೊಸ ಚಿಗುರು ಬರುತ್ತದೆ, ಹೂವೂ ಬರುತ್ತದೆ.

ಮಾವು: ಬಲಿತ ಕೊಂಬೆಗಳ ತುದಿಯಲ್ಲಿ ಹೂಗೊಂಚಲು. ಹೂ ಬಿಡುವ ಮುಂಚೆ, ನವೆಂಬರ್–ಡಿಸೆಂಬರ್‌ನಲ್ಲಿ ತುದಿ ಕಡಿದರೆ ಆ ವರ್ಷದ ಹೂವನ್ನೇ ಕಡಿದಂತೆ. ಹಣ್ಣು ಕೊಯ್ದ ಮೇಲೆ ಸವರಬೇಕು.

ಹಲಸು: ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಕಾಯಿ.

ಅಡಿಕೆ, ತೆಂಗು: ಇಡೀ ಮರಕ್ಕೆ ಬೆಳೆಯುವ ತುದಿ ಒಂದೇ, ಅದೇ ಸುಳಿ. ಚಿಗುರಿ ಅದರ ಜಾಗ ತುಂಬುವ ಕಂಕುಳ ಮೊಗ್ಗುಗಳು ಇಲ್ಲಿಲ್ಲ. ಸುಳಿ ಹೋದರೆ ಮರವೇ ಹೋಯಿತು.

ನಮ್ಮ ಜಿಲ್ಲೆಯಲ್ಲಿ ಬೆಳೆಯದ ಪೀಚ್ ಹಣ್ಣಿನ ಮಾತನ್ನೂ ಕೇಳಿ. ಹಿಮಾಚಲ ಪ್ರದೇಶ, ಉತ್ತರಾಖಂಡದಂಥ ಚಳಿನಾಡಿನ ಮರ ಅದು. ಚಳಿಗಾಲದಲ್ಲಿ ಸಾಕಷ್ಟು ತಂಪು ಸಿಗದಿದ್ದರೆ ಅದರ ಮೊಗ್ಗುಗಳು ಸರಿಯಾಗಿ ಅರಳುವುದಿಲ್ಲ. ಪೀಚ್‌ನಲ್ಲಿ ಹೂ ಬರುವುದು ಹಿಂದಿನ ವರ್ಷ ಬೆಳೆದ ಕಡ್ಡಿಗಳ ಪಕ್ಕದಲ್ಲಿ. ಒಮ್ಮೆ ಹಣ್ಣು ಕೊಟ್ಟ ಭಾಗದಲ್ಲಿ ಮತ್ತೆ ಹೂ ಬರುವುದಿಲ್ಲ. ಆದ್ದರಿಂದ ಅಲ್ಲಿಯ ತೋಟಗಾರರು ಪ್ರತಿ ವರ್ಷ ಸವರಿ ಹೊಸ ಕಡ್ಡಿ ಬರಿಸುತ್ತಾರೆ. ಮರದ ನಡುಭಾಗವನ್ನು ಬಟ್ಟಲಿನಂತೆ ತೆರವಾಗಿಟ್ಟು ಬಿಸಿಲು ಒಳಗೆ ಬರುವಂತೆ ಮಾಡುತ್ತಾರೆ. ಈ ಬಟ್ಟಲಿನ ಆಕಾರ ನಮ್ಮ ಪೇರಲೆಗೂ ಚೆನ್ನಾಗಿ ಒಗ್ಗುತ್ತದೆ.

ಎಳೆಯ ಗಿಡಕ್ಕೆ ಆಕಾರ

ಗಿಡ ನೆಟ್ಟು ಸೊಂಟದೆತ್ತರಕ್ಕೆ ಬಂದಾಗ ನೆಲದಿಂದ 60–70 ಸೆಂ.ಮೀ. ಎತ್ತರದಲ್ಲಿ ತುದಿ ಕತ್ತರಿಸಬೇಕು. ಕೆಲವು ವಾರಗಳಲ್ಲಿ ಕೆಳಗಿನ ಕಂಕುಳ ಮೊಗ್ಗುಗಳು ಚಿಗುರುತ್ತವೆ. ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು-ನಾಲ್ಕು ಚಿಗುರುಗಳನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಒಂದೇ ಮಟ್ಟದಿಂದ ಹೊರಟವುಗಳಿಗಿಂತ ಒಂದಕ್ಕೊಂದು ಸ್ವಲ್ಪ ಅಂತರದಲ್ಲಿ ಹೊರಟವು ಒಳ್ಳೆಯವು. ಕಾಂಡಕ್ಕೆ ತೀರಾ ಅಂಟಿಕೊಂಡು ನೇರ ಮೇಲೇಳುವ ಕೊಂಬೆ ಮುಂದೆ ಹಣ್ಣಿನ ಭಾರಕ್ಕೆ ಸೀಳಬಹುದು. ಅಗಲವಾಗಿ ಚಾಚಿದ್ದನ್ನು ಉಳಿಸಿ.

ಆ ಕೊಂಬೆಗಳು 40–50 ಸೆಂ.ಮೀ. ಬೆಳೆದಾಗ ಅರ್ಧಕ್ಕೆ ಕತ್ತರಿಸಿದರೆ ಪ್ರತಿಯೊಂದರಿಂದ ಮತ್ತೆ ಎರಡು-ಮೂರು ಕವಲು. ಮೂರು ಮೂರಲೆ ಒಂಬತ್ತು! ಹೀಗೆ ಗಿಡ ಎತ್ತರಕ್ಕೆ ಓಡುವ ಬದಲು ಅಗಲಕ್ಕೆ ಹರಡುತ್ತದೆ. ಹೊಸ ಚಿಗುರು ಹೆಚ್ಚಿದಷ್ಟೂ ಹೂ ಬಿಡುವ ಜಾಗ ಹೆಚ್ಚು. ಎರಡು-ಎರಡೂವರೆ ಮೀಟರ್ ಎತ್ತರದಲ್ಲೇ ಇಟ್ಟುಕೊಂಡರೆ ಹಣ್ಣು ಕೈಗೆ ಸಿಗುತ್ತದೆ.

ಕತ್ತರಿಯಿಲ್ಲದ ಉಪಾಯವೂ ಒಂದಿದೆ. ನೇರವಾಗಿ ನಿಂತ ಎಳೆಯ ಕೊಂಬೆಯನ್ನು ಮುರಿಯದಂತೆ ಮೆಲ್ಲಗೆ ಬಗ್ಗಿಸಿ, ಅಗಲವಾದ ಬಟ್ಟೆಪಟ್ಟಿಯಿಂದ ನೆಲದ ಗೂಟಕ್ಕೆ ಕಟ್ಟಿ. ತುದಿ ಕೆಳಗಾದಾಗ ಅದರ ದರ್ಬಾರು ಕುಗ್ಗಿ, ಕೊಂಬೆಯ ಉದ್ದಕ್ಕೂ ಮೊಗ್ಗುಗಳು ಚಿಗುರುತ್ತವೆ.

ಹುಳವಿಲ್ಲದ ಹಣ್ಣಿಗೆ ಸರಿಯಾದ ತಿಂಗಳು

ಪೇರಲೆ ಫೆಬ್ರವರಿ–ಮಾರ್ಚ್‌ನಲ್ಲಿ ಹೂ ಬಿಟ್ಟರೆ ಹಣ್ಣು ಮಾಗುವುದು ಮಳೆಗಾಲದಲ್ಲಿ. ಆಗ ಮೋಡದಿಂದ ಬಿಸಿಲು ಕಡಿಮೆ, ನೀರು ಹೆಚ್ಚು, ಹಣ್ಣು ಸಪ್ಪೆ. ಹಣ್ಣುನೊಣಗಳ ಹಾವಳಿಯೂ ಆಗಲೇ ಜೋರು. ಹೆಣ್ಣು ನೊಣ ಮಾಗುತ್ತಿರುವ ಹಣ್ಣಿನ ಸಿಪ್ಪೆಯ ಕೆಳಗೆ ಮೊಟ್ಟೆ ಚುಚ್ಚುತ್ತದೆ. ನಾವು ಕಾಣುವ ಬಿಳಿಯ ಹುಳ ಆ ನೊಣದ ಮರಿ.

ಜೂನ್–ಜುಲೈನಲ್ಲಿ ಬಿಟ್ಟ ಹೂವಿನ ಹಣ್ಣು ಸಿಗುವುದು ಚಳಿಗಾಲದಲ್ಲಿ. ಅದು ಸಿಹಿ, ಹುಳವೂ ಕಡಿಮೆ. ಹಾಗಾದರೆ ಗಿಡ ಜೂನ್‌ನಲ್ಲಿ ಹೂ ಬಿಡುವಂತೆ ಮಾಡಬಹುದೇ? ಮಾಡಬಹುದು. ಮೇ ತಿಂಗಳಲ್ಲಿ ಆ ವರ್ಷದ ಹಸಿರು ಚಿಗುರುಗಳನ್ನು ಅರ್ಧಕ್ಕೆ ಸವರಿದರೆ, ಮುಂಗಾರಿನ ಹೊತ್ತಿಗೆ ಹೊಸ ಚಿಗುರು ಬಂದು ಅದರಲ್ಲಿ ಹೂ ಬರುತ್ತದೆ. ಸವರಿದ ಕೊಂಬೆಯಲ್ಲಿದ್ದ ಮಳೆಗಾಲದ ಕಾಯಿಯನ್ನು ಕಳೆದುಕೊಳ್ಳಬೇಕಾಗುತ್ತದೆ. ಅದರ ಬದಲು ಚಳಿಗಾಲದ ಹಣ್ಣನ್ನು ಪಡೆಯುತ್ತೇವೆ. 100 ಗ್ರಾಂ ಪೇರಲೆಯಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಇದು ಕಿತ್ತಳೆಯಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಅಂಥ ಹಣ್ಣು ಹುಳ ಹಿಡಿದು ನೆಲದ ಪಾಲಾಗುವುದು ನಷ್ಟವಲ್ಲವೇ?

ಎತ್ತರಕ್ಕೆ ಹೋದ ಹಳೆಯ ಮರ

ಮೈಸೂರು ಕಾಗದ ಕಾರ್ಖಾನೆಗಾಗಿ ನಮ್ಮ ಜಿಲ್ಲೆಯಲ್ಲಿ ನೀಲಗಿರಿ ನೆಡುತೋಪುಗಳನ್ನು ಬೆಳೆಸಲಾಗಿತ್ತು. ಕಡಿದ ನೀಲಗಿರಿಯ ಬೊಡ್ಡೆಯಿಂದ ಗುಂಪು ಗುಂಪಾಗಿ ಚಿಗುರು ಏಳುವುದನ್ನು ನೀವು ನೋಡಿರಬಹುದು. ನೀಲಗಿರಿ, ನೇರಳೆ, ಪೇರಲೆ ಮೂರೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಪೇರಲೆಯ ಹಳೆಯ ಕೊಂಬೆಯಲ್ಲೂ ತೊಗಟೆಯ ಅಡಿ ಮೊಗ್ಗುಗಳು ನಿದ್ದೆ ಮಾಡುತ್ತಿರುತ್ತವೆ. ಆದ್ದರಿಂದ ಎತ್ತರದ ಮರವನ್ನೂ ಗಿಡ್ಡಗೊಳಿಸಬಹುದು.

ಆದರೆ ಒಂದೇ ಸಲಕ್ಕೆ ಬೋಳು ಮಾಡುವುದು ಬೇಡ. ಎಲೆಯೇ ಗಿಡದ ಅಡುಗೆಮನೆ. ಎಲ್ಲ ಎಲೆ ಹೋದರೆ ಗಿಡ ಕೂಡಿಟ್ಟ ಪಿಷ್ಟವನ್ನೇ ಕರಗಿಸಿ ಚಿಗುರಬೇಕು. ಮೊದಲು ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆಯಿರಿ. ಆಮೇಲೆ ಎತ್ತರದ ಕೊಂಬೆಗಳಲ್ಲಿ ವರ್ಷಕ್ಕೆ ಮೂರರಲ್ಲಿ ಒಂದು ಪಾಲನ್ನು ಗಿಡ್ಡ ಮಾಡಿದರೆ ಮೂರು ವರ್ಷದಲ್ಲಿ ಮರ ಕೈಗೆಟುಕುತ್ತದೆ. ಅಷ್ಟೂ ಕಾಲ ಮನೆಗೆ ನೆರಳೂ ಇರುತ್ತದೆ, ಹಣ್ಣೂ ಇರುತ್ತದೆ.

ಮರದ ಗಾಯ ಮಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ

ನಮ್ಮ ಮೊಣಕಾಲು ತರಚಿದರೆ ಹೊಸ ಚರ್ಮ ಬಂದು ಗಾಯ ಮಾಯುತ್ತದೆ. ಮರ ಹಾಗಲ್ಲ. ಕೆಟ್ಟ ಭಾಗವನ್ನು ಅದು ದುರಸ್ತಿ ಮಾಡುವುದಿಲ್ಲ. ಸುತ್ತ ಗೋಡೆ ಕಟ್ಟಿ ಬೇರೆ ಮಾಡುತ್ತದೆ, ಮೇಲೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ 1970ರ ದಶಕದಲ್ಲಿ ಇದನ್ನು ವಿವರಿಸಿದರು.

ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂತೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಕೆಲಸ ನಡೆಯುವುದು ಅಲ್ಲಿ. ಆ ಉಬ್ಬಿನ ಹೊರಗೆ ಕತ್ತರಿಸಬೇಕು. ಉಬ್ಬನ್ನೇ ಸವರಿದರೆ ಗಾಯ ದೊಡ್ಡದು. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಮಚ್ಚಿನಿಂದ ಕೊಚ್ಚಿದರೆ ಕೊಂಬೆ ಸೀಳುತ್ತದೆ. ಹರಿತವಾದ ಕತ್ತರಿ ಅಥವಾ ಕೈಗರಗಸ ಒಳ್ಳೆಯದು. ಸಣ್ಣ ಕಡ್ಡಿಯನ್ನು ಹೊರಮುಖದ ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿಸಿ. ಹೊಸ ಚಿಗುರು ಹೊರಗೆ ಹೋಗುತ್ತದೆ, ನಡುಭಾಗ ತೆರವಾಗಿ ಉಳಿಯುತ್ತದೆ.

ಎಚ್ಚರಿಕೆ!

• ಗರಗಸ, ಮಚ್ಚು ಹಿಡಿಯುವ ಕೆಲಸ ಹಿರಿಯರದು. ನಿಮ್ಮ ಕೆಲಸ ಮೊಗ್ಗು ಗುರುತಿಸಿ, ಕತ್ತರಿಸುವ ಜಾಗಕ್ಕೆ ದಾರ ಕಟ್ಟುವುದು.
• ವಿದ್ಯುತ್ ತಂತಿಯ ಹತ್ತಿರವಿರುವ ಕೊಂಬೆಯನ್ನು ಯಾರೂ ಮುಟ್ಟಬಾರದು. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ಮೆಸ್ಕಾಂಗೆ ತಿಳಿಸಿ.
• ಹಕ್ಕಿಗೂಡು ಇದ್ದರೆ ಮರಿಗಳು ಹಾರಿಹೋಗುವವರೆಗೆ ಕಾಯಿರಿ.

ಮಾಡಿ ನೋಡಿ

1. ಹತ್ತು ಅಲಸಂದೆ ಕಾಳುಗಳನ್ನು ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ. ಮೂರೆಲೆಯ ಮೊದಲ ಎಲೆ ಬಂದ ಮೇಲೆ ಐದು ಗಿಡಗಳ ತುದಿ ಚಿವುಟಿ, ಐದನ್ನು ಹಾಗೇ ಬಿಡಿ. ಎಲ್ಲಕ್ಕೂ ಒಂದೇ ಸಮ ನೀರು, ಬಿಸಿಲು. ಹದಿನೈದು ದಿನ ಎತ್ತರವನ್ನೂ ಕವಲುಗಳನ್ನೂ ಬರೆದಿಡಿ.

2. ಶಾಲೆಯ ಅಥವಾ ಮನೆಯ ಪೇರಲೆಯಲ್ಲಿ ಹಿರಿಯರ ಒಪ್ಪಿಗೆ ಪಡೆದು ಅರ್ಧ ಮರವನ್ನು ಮಾತ್ರ ಮೇ ತಿಂಗಳಲ್ಲಿ ಸವರಿಸಿ. ಎರಡೂ ಅರ್ಧದ ಹಣ್ಣುಗಳನ್ನು ಮುಂದಿನ ಜನವರಿಯವರೆಗೆ ಎಣಿಸಿ. ಎಷ್ಟರಲ್ಲಿ ಹುಳವಿತ್ತು? ಪಟ್ಟಿ ಮಾಡಿ. ಹುಳ ಬಿದ್ದ ಹಣ್ಣನ್ನು ಹಾಗೇ ಬಿಡದೆ ಆಳವಾಗಿ ಹೂಳಿರಿ.

ಉತ್ತರಿಸಿ

1. ತೆಂಗಿನ ಸುಳಿ ಕತ್ತರಿಸಿದರೆ ಮರ ಸಾಯುತ್ತದೆ, ಪೇರಲೆಯ ತುದಿ ಕತ್ತರಿಸಿದರೆ ಸಾಯುವುದಿಲ್ಲ. ಏಕೆ?
2. ಡಿಸೆಂಬರ್‌ನಲ್ಲಿ ಮಾವಿನ ಎಲ್ಲ ತುದಿಗಳನ್ನೂ ಸವರಿದ ಮನೆಯಲ್ಲಿ ಆ ಬೇಸಿಗೆಗೆ ಹಣ್ಣಿರಲಿಲ್ಲ. ಕಾರಣವೇನು?
3. ಅರ್ಧ ಮರದ ಪ್ರಯೋಗದಲ್ಲಿ ಸವರದೆ ಬಿಟ್ಟ ಅರ್ಧ ಏಕೆ ಬೇಕು?

ನಿಮ್ಮ ಬೀದಿಯಲ್ಲಿ ಯಾರಾದರೂ ಪೇರಲೆ ಗಿಡ ಕಡಿಸುವ ಮಾತಾಡಿದರೆ, ಅದರ ಹಸಿರು ಚಿಗುರಿನ ನಾಲ್ಕು ಮೂಲೆಗಳನ್ನೂ ಎಲೆಯ ಕಂಕುಳಿನ ಮೊಗ್ಗನ್ನೂ ಅವರಿಗೆ ತೋರಿಸಿ. ಮುಂದಿನ ಹಣ್ಣು ಎಲ್ಲಿಂದ ಬರುತ್ತದೆ ಎಂದು ವಿವರಿಸಿ. ಬುಡಕ್ಕೆ ಬೀಳಬೇಕಿದ್ದ ಕೊಡಲಿಯ ಬದಲು ಕೊಂಬೆಗೆ ಕತ್ತರಿ ಸಾಕಾದೀತು.