ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್: ನೋಡಹೋಗುವವರಿಗೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ನಡುಮಧ್ಯೆ, ಸೇಂಟ್ ಆನ್ಸ್ ಚೌಕದ ಮಗ್ಗುಲಲ್ಲಿ ರಾಯಲ್ ಎಕ್ಸ್‌ಚೇಂಜ್ ಇದೆ. ಲಂಕಾಶೈರ್ ಗಿರಣಿಗಳ ನೂಲು, ಬಟ್ಟೆಯ ವ್ಯಾಪಾರ ಕುದುರುತ್ತಿದ್ದುದು ಇಲ್ಲಿ. ಕಚ್ಚಾ ಹತ್ತಿಯ ಪೇಟೆ ಲಿವರ್‌ಪೂಲಿನಲ್ಲಿತ್ತು.

ಊರಿನ ಮೊದಲ ಎಕ್ಸ್‌ಚೇಂಜ್ 1729ರದು, ಎರಡನೆಯದು 1809ರದು. 1851ರಲ್ಲಿ ವಿಕ್ಟೋರಿಯಾ ರಾಣಿ ಭೇಟಿ ಕೊಟ್ಟ ಮೇಲೆ ಹೆಸರಿಗೆ ‘ರಾಯಲ್’ ಸೇರಿತು. ಈಗಿನ ಕಟ್ಟಡ 1874ರಲ್ಲಿ ಮುಗಿದು, 1914–21ರಲ್ಲಿ ಇನ್ನಷ್ಟು ದೊಡ್ಡದಾಯಿತು. 1920ರ ದಶಕದಲ್ಲಿ ಸದಸ್ಯರೇ ಸುಮಾರು 11,000 ಮಂದಿ. ಮಂಗಳವಾರ, ಶುಕ್ರವಾರಗಳಂದು ವ್ಯಾಪಾರ ಜೋರು. 1940ರ ಡಿಸೆಂಬರಿನಲ್ಲಿ ಜರ್ಮನ್ ಬಾಂಬುಗಳಿಂದ ಜಖಂಗೊಂಡು, 1953ರಲ್ಲಿ ಕಿರಿದಾದ ಸಭಾಂಗಣದೊಂದಿಗೆ ಮತ್ತೆ ತೆರೆಯಿತು. ಅಷ್ಟರಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. 1968ರ ಕೊನೆಯಲ್ಲಿ ವಹಿವಾಟು ನಿಂತಿತು.

ಕನ್ನಡ ನಾಡಿಗೂ ಈ ವ್ಯಾಪಾರದ ಬಿಸಿ ತಟ್ಟಿದೆ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಮ್ಯಾಂಚೆಸ್ಟರಿನ ಉದ್ಯಮಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರ ಬಂದರು ಬೆಳೆಯಬೇಕೆಂದು ಅವರು ಪಟ್ಟುಹಿಡಿದರು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಒತ್ತಾಯವೂ ಇತ್ತು.

ಎಕ್ಸ್‌ಚೇಂಜಿನ ಒಳಗೆ ಕಾಲಿಟ್ಟೊಡನೆ ತಲೆಯೆತ್ತಿ ನೋಡಬೇಕು. ಗೋಡೆಯ ಮೇಲ್ಭಾಗದ ಹಲಗೆಯಲ್ಲಿ ವ್ಯಾಪಾರದ ಕಡೆಯ ದಿನದ ಧಾರಣೆಗಳು ಹಾಗೇ ಉಳಿದಿವೆ. ಇಡೀ ಕಟ್ಟಡದಲ್ಲಿ ಇದಕ್ಕಿಂತ ಮನಮುಟ್ಟುವ ವಸ್ತು ಇಲ್ಲ. ಅದರ ಕೆಳಗೆ, ಸಭಾಂಗಣದ ನಡುವೆ, ಉಕ್ಕು ಮತ್ತು ಗಾಜಿನ ಏಳು ಮುಖಗಳ ರಂಗಮಂದಿರ. ಸುಮಾರು 150 ಟನ್ ಭಾರವನ್ನು ಹಳೆಯ ನೆಲ ತಾಳದೆಂದು ಗುಮ್ಮಟ ಹೊತ್ತ ನಾಲ್ಕು ಕಂಬಗಳಿಗೆ ಅದನ್ನು ತೊಟ್ಟಿಲಿನಂತೆ ತೂಗುಹಾಕಲಾಗಿದೆ. 1976ರಲ್ಲಿ ನಟ ಲಾರೆನ್ಸ್ ಒಲಿವಿಯೆ ಇದನ್ನು ಉದ್ಘಾಟಿಸಿದರು. 1996ರ ಜೂನ್ 15ರಂದು ಸಮೀಪದಲ್ಲೇ ಐರಿಶ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬು ಸಿಡಿದು ಕಟ್ಟಡಕ್ಕೆ ಪೆಟ್ಟುಬಿತ್ತು. ದುರಸ್ತಿಯಾಗಿ ಬಾಗಿಲು ತೆರೆದದ್ದು 1998ರಲ್ಲಿ.

ವಿಕ್ಟೋರಿಯಾ ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಟ್ರಾಮಿನಲ್ಲಿ ಬರುವವರು ಎಕ್ಸ್‌ಚೇಂಜ್ ಸ್ಕ್ವೇರ್ ಅಥವಾ ಮಾರ್ಕೆಟ್ ಸ್ಟ್ರೀಟಿನಲ್ಲಿ ಇಳಿಯಬೇಕು. ಹೊರಗಿನ ಚೌಕದಲ್ಲಿ ಮುಕ್ತ ವ್ಯಾಪಾರಕ್ಕಾಗಿ ಹೋರಾಡಿದ ಬಟ್ಟೆ ವರ್ತಕ ರಿಚರ್ಡ್ ಕಾಬ್ಡೆನ್ನರ ಪ್ರತಿಮೆಯಿದೆ. ಸಭಾಂಗಣ ತೆರೆದಿರುವ ವೇಳೆ ನಾಟಕಗಳ ವೇಳಾಪಟ್ಟಿಗೆ ತಕ್ಕಂತೆ ಬದಲಾಗಬಹುದು. ಹೊರಡುವ ಮುನ್ನ ರಂಗಮಂದಿರದ ಜಾಲತಾಣದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.