ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು

2020ರ ಮಾರ್ಚ್ 25ರಂದು ದೇಶದಾದ್ಯಂತ ಸಂಚಾರವು ಸ್ತಬ್ಧವಾದಾಗ ಜಯನಗರ, ಬನಶಂಕರಿಗಳಲ್ಲಿಯೂ ಮೋಟಾರು ಸೈಕಲ್ಲುಗಳು ವಾರಗಟ್ಟಲೆ ನಿಂತಲ್ಲೇ ನಿಂತವು. ಇಂತಹ ದೀರ್ಘ ವಿಶ್ರಾಂತಿಯ ಬಳಿಕ ಹಳೆಯ ವಾಹನವು ಎಷ್ಟು ಒದ್ದರೂ ಚಾಲನೆಗೊಳ್ಳದಿರುವುದುಂಟು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಕಿಡಿಯೂ ಸರಿಯಾಗಿದೆ. ಹಾಗಾದರೆ ದೋಷವೆಲ್ಲಿ? ಅನೇಕ ವೇಳೆ ಅದು ಕಾರ್ಬ್ಯುರೇಟರಿನ ತಳದ ಪುಟ್ಟ ಬಟ್ಟಲಿನಲ್ಲಿರುತ್ತದೆ.

ಎಂಜಿನ್ನು ಸೆಳೆದುಕೊಳ್ಳುವ ಗಾಳಿಯು ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ವೇಗವಾಗಿ ಹರಿಯುತ್ತದೆ. ವೇಗ ಹೆಚ್ಚಿದೆಡೆ ಒತ್ತಡವು ಕುಗ್ಗುತ್ತದೆ. ಆಗ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಹೊರಗಿನ ವಾಯುವಿನ ಒತ್ತಡವು ಜೆಟ್ಟೆಂಬ ರಂಧ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಮುಖ್ಯ ಜೆಟ್ಟಿನ ವ್ಯಾಸವು ಸುಮಾರು 1 ಮಿಲಿಮೀಟರು. ನಿಧಾನಗತಿಯ ಜೆಟ್ಟು ಇನ್ನೂ ಕಿರಿದು.

ಪೆಟ್ರೋಲು ಅನೇಕ ಹೈಡ್ರೋಕಾರ್ಬನ್ನುಗಳ ಮಿಶ್ರಣ. ನಿಂತ ಬಟ್ಟಲಿನಿಂದ ಹಗುರವಾದವು ಮೊದಲು ಆವಿಯಾಗುತ್ತವೆ. ಉಳಿದವುಗಳಲ್ಲಿ ಕೆಲವು ಆಮ್ಲಜನಕದೊಡನೆ ಸಂಯೋಗಗೊಂಡು ಅಂಟಾಗುತ್ತವೆ. ಈ ಅಂಟೇ ಜೆಟ್ಟನ್ನು ಮುಚ್ಚುತ್ತದೆ. ಟ್ಯಾಂಕಿನಲ್ಲಿ ಹಲವು ಲೀಟರುಗಳಿದ್ದರೆ ಬಟ್ಟಲಿನಲ್ಲಿರುವುದು ಕೆಲವೇ ಚಮಚಗಳಷ್ಟು. ಆದುದರಿಂದಲೇ ಅದು ಮೊದಲು ಕೆಡುತ್ತದೆ. ಇದಲ್ಲದೆ, ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಬೆರೆಸಿರುವ ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶವು ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕಿಳಿದು ಲೋಹವನ್ನು ತಿನ್ನುತ್ತವೆ.

ಆದಕಾರಣ ವಾಹನವನ್ನು ಒಂದೆರಡು ತಿಂಗಳು ನಿಲ್ಲಿಸುವವರು ಬಟ್ಟಲನ್ನು ಬರಿದು ಮಾಡುವುದು ಲೇಸು. ಎಂಜಿನ್ನು ಪೂರ್ತಿ ತಣ್ಣಗಾಗಿರಲಿ. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಸುಮಾರು ಮೂರು ನಾಲ್ಕು ಪಟ್ಟು ಭಾರವಾದುದರಿಂದ ಅದು ಮನೆಯ ಕೆಳಗಿನ ವಾಹನ ತಂಗುದಾಣದಲ್ಲಿ ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಿದ್ಯುತ್ ಸ್ವಿಚ್ಚಿನ ಕಿಡಿಯೊಂದೇ ಅನಾಹುತಕ್ಕೆ ಸಾಕು.

ಮೊದಲು ಟ್ಯಾಂಕಿನ ಕಾಕನ್ನು ಮುಚ್ಚಬೇಕು. ಬಟ್ಟಲು ಬರಿದಾದಂತೆ ಒಳಗಿನ ಫ್ಲೋಟು ಇಳಿದು ಸೂಜಿಯ ಬಾಗಿಲು ತೆರೆದುಕೊಳ್ಳುತ್ತದೆ. ಕಾಕು ಮುಚ್ಚದಿದ್ದರೆ ಟ್ಯಾಂಕಿನ ಪೆಟ್ರೋಲೆಲ್ಲ ಹರಿದುಬರುವುದು. ಬಳಿಕ ಬಟ್ಟಲಿನ ತಳದ ನಳಿಕೆಯ ಕೆಳಗೆ ಲೋಹದ ಪಾತ್ರೆಯನ್ನಿರಿಸಿ ತಿರುಪನ್ನು ಸಡಿಲಿಸಬೇಕು. ಕೆಲವು ಮಾದರಿಗಳಲ್ಲಿ ಈ ತಿರುಪಿರುವುದಿಲ್ಲ. ಅಲ್ಲಿ ಬಟ್ಟಲನ್ನೇ ಕಳಚಬೇಕಾಗುತ್ತದೆ. ಹರಿವು ನಿಂತ ಮೇಲೆ ತಿರುಪನ್ನು ಹಿತವಾಗಿ ಬಿಗಿದರೆ ಸಾಕು. ಬಟ್ಟಲಿನ ಲೋಹವು ಮೃದುವಾದುದು. ಪಾತ್ರೆಯ ತಳದಲ್ಲಿ ಬೇರೆಯಾಗಿ ನಿಂತ ಹನಿಗಳು ಕಂಡರೆ ನೀರು ಸೇರಿದೆಯೆಂದು ತಿಳಿಯಬೇಕು. ಬಸಿದ ಪೆಟ್ರೋಲನ್ನು ಚರಂಡಿಗೆ ಸುರಿಯಬಾರದು.

2020ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮದ ಬಳಿಕ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಇಂಧನವನ್ನು ಒತ್ತಡದಿಂದ ಸಿಂಪಡಿಸುತ್ತವೆ. ಅವುಗಳಿಗೆ ಈ ಬಟ್ಟಲಿಲ್ಲ. ಆದರೆ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಇಂದಿಗೂ ಅಕ್ಕರೆಯಿಂದ ಕಾಯ್ದುಕೊಂಡವರಿದ್ದಾರೆ. ಅವರಿಗೆ ಈ ಹತ್ತು ನಿಮಿಷಗಳ ಶ್ರಮವು ವ್ಯರ್ಥವಾಗದು.